ಫುಟ್‌ಬಾಲ್ ಟೈಲ್‌ಗೇಟ್‌ಗೆ ಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು: ಭದ್ರತೆ, ಕುಡಿತ, ಪುಂಡಾಟ

ಓದೋಕೆ, ಕೆಲಸಕ್ಕೆ ಅಂತ ಅಮೆರಿಕಕ್ಕೆ ಬಂದ ಕನ್ನಡಿಗರಿಗೆ ಮೊದಲ ವರ್ಷವೇ ಟೈಲ್‌ಗೇಟ್‌ಗೆ, ಅಂದರೆ ಪಂದ್ಯಕ್ಕೆ ಮುಂಚೆ ಸ್ಟೇಡಿಯಂನ ಪಾರ್ಕಿಂಗ್ ಲಾಟ್‌ನಲ್ಲಿ ನಡೆಯುವ ಊಟದ ಕೂಟಕ್ಕೆ, ಕರೆ ಬರುತ್ತದೆ. ಆಫೀಸಿನವರು ಕರೆಯುತ್ತಾರೆ, ಇಲ್ಲವೇ ಹಾಸ್ಟೆಲ್ ಗೆಳೆಯರು ಕರೆಯುತ್ತಾರೆ. ಹೋಗಬೇಕು ಅಂತ ಆಸೆ, ಗಲಾಟೆ ವಿಡಿಯೊಗಳನ್ನು ನೋಡಿ ಭಯ. ಎರಡೂ ಸಹಜ. ಇಲ್ಲಿ ಫುಟ್‌ಬಾಲ್ ಅಂದರೆ ಅಮೆರಿಕನ್ ಫುಟ್‌ಬಾಲ್, ಅಂದರೆ ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗ್‌ನ ಪಂದ್ಯಗಳು ಮತ್ತು ಕಾಲೇಜು ಪಂದ್ಯಗಳು.

ಒಂದು ಮಾತು ಮೊದಲೇ ಹೇಳುತ್ತೇನೆ. ಭದ್ರತೆ ಅಂದ ಕೂಡಲೇ ಎಲ್ಲರ ತಲೆಗೆ ಬರೋದು ಗೇಟು, ಮೆಟಲ್ ಡಿಟೆಕ್ಟರ್, ಬ್ಯಾಗ್ ತಪಾಸಣೆ. ಆದರೆ ಕೆಳಗೆ ಬರುವ ಘಟನೆಗಳಲ್ಲಿ ಹೆಚ್ಚಿನವು ಗೇಟಿನ ಆಚೆ, ಕಾರು ನಿಲ್ಲಿಸುವ ಜಾಗದಲ್ಲೇ ನಡೆದವು. ಅಲ್ಲಿನ ನಿಯಮಗಳು ನೋಡೋಕೆ ಚಿಕ್ಕವು, ಕೆಲವು ವಿಚಿತ್ರ ಅನ್ನಿಸುತ್ತವೆ. ಅವುಗಳಲ್ಲಿ ಎಷ್ಟೋ ಯಾರಿಗೋ ಪೆಟ್ಟಾದ ಮೇಲೆ, ಯಾರೋ ಸತ್ತ ಮೇಲೆ ಬಂದವು. ಹಾಗಾಗಿ ಈ ಪುಟದಲ್ಲಿ ಪಾರ್ಕಿಂಗ್ ಲಾಟ್‌ಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಟೈಲ್‌ಗೇಟ್‌ನಲ್ಲಿ ಏನು ನಡೆಯುತ್ತದೆ?

ಪಂದ್ಯಕ್ಕೆ ಮೂರು, ನಾಲ್ಕು, ಕೆಲವು ಕಡೆ ಐದು ಗಂಟೆ ಮುಂಚೆ ಪಾರ್ಕಿಂಗ್ ಲಾಟ್ ತೆರೆಯುತ್ತಾರೆ. ಜನ ಪಿಕಪ್ ಟ್ರಕ್‌ನ ಹಿಂಬಾಗಿಲು ಇಳಿಸಿ, ಅದರ ಮೇಲೆ ತಿಂಡಿ ಜೋಡಿಸುತ್ತಾರೆ. ಪಕ್ಕದಲ್ಲಿ ಗ್ರಿಲ್ ಹಚ್ಚುತ್ತಾರೆ. ಬರ್ಗರ್, ಸಾಸೇಜ್, ಚಿಕನ್ ವಿಂಗ್ಸ್, ಐಸ್ ಡಬ್ಬದಲ್ಲಿ ಬಿಯರ್. ಮಕ್ಕಳು ಚೆಂಡು ಎಸೆಯುತ್ತಿರುತ್ತಾರೆ. ದೊಡ್ಡವರು ಇಳಿಜಾರು ಹಲಗೆಯ ತೂತಿಗೆ ಕಾಳಿನ ಚೀಲ ಎಸೆಯುವ ಕಾರ್ನ್‌ಹೋಲ್ ಆಡುತ್ತಿರುತ್ತಾರೆ. ಹತ್ತು-ಇಪ್ಪತ್ತು ವರ್ಷದಿಂದ ಅದೇ ಸಾಲಿನಲ್ಲಿ, ಅದೇ ಅಕ್ಕಪಕ್ಕದವರ ಜೊತೆ ಗಾಡಿ ನಿಲ್ಲಿಸುವ ಕುಟುಂಬಗಳಿವೆ.

ಮಿಸಿಸಿಪಿ ವಿಶ್ವವಿದ್ಯಾಲಯದ ಗ್ರೋವ್ ಎಂಬ ಮರದ ತೋಪಿನಲ್ಲಿ ಕಾರುಗಳೇ ಇರುವುದಿಲ್ಲ, ಬರೀ ಡೇರೆಗಳು. ಕೆಲವರು ಡೇರೆ ಒಳಗೆ ತೂಗುದೀಪವನ್ನೂ ಹಾಕುತ್ತಾರೆ. ಊರಿಂದ ಊರಿಗೆ ರೂಢಿ ಅಷ್ಟು ಬೇರೆ.

ಪಂದ್ಯದ ಟಿಕೆಟ್ ಇಲ್ಲದೆ ಬರೀ ಟೈಲ್‌ಗೇಟ್‌ಗೆ ಹೋಗಬಹುದಾ?

ಕೆಲವು ಕಡೆ ಹೌದು, ಕೆಲವು ಕಡೆ ಇಲ್ಲ. ಪಾರ್ಕಿಂಗ್ ಪಾಸ್ ಬಹುತೇಕ ಎಲ್ಲ ಕಡೆ ಮೊದಲೇ ಕೊಳ್ಳಬೇಕು. ಆ ಸ್ಟೇಡಿಯಂನ ವೆಬ್‌ಸೈಟ್ ನೋಡಿಯೇ ಹೊರಡಿ.

ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋಗಬಹುದಾ?

ಧಾರಾಳವಾಗಿ ಹೋಗಬಹುದು. ಬಹುಪಾಲು ಟೈಲ್‌ಗೇಟ್‌ಗಳು ಊಟ, ಹರಟೆ, ಹಾಡಲ್ಲೇ ಮುಗಿಯುತ್ತವೆ. ಆದರೆ ಜಾಗ ಮತ್ತು ಹೊತ್ತು ನೋಡಿಕೊಳ್ಳಿ. ಹಲವು ಸ್ಟೇಡಿಯಂಗಳಲ್ಲಿ ಕುಟುಂಬದವರಿಗೆ ಮದ್ಯವಿಲ್ಲದ ಲಾಟ್ ಬೇರೆ ಇರುತ್ತದೆ. ಮಧ್ಯಾಹ್ನದ ಪಂದ್ಯಕ್ಕಿಂತ ರಾತ್ರಿ ಪಂದ್ಯದಲ್ಲಿ ಗದ್ದಲ ಜಾಸ್ತಿ. ಕಾರಣ ಸರಳ, ಕುಡಿಯೋಕೆ ಇಡೀ ದಿನ ಸಿಗುತ್ತದೆ. ಬದ್ಧವೈರಿ ತಂಡಗಳ ಪಂದ್ಯವಾದರೆ ಇನ್ನೂ ಜಾಸ್ತಿ. ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಅವರಿಗೂ ತೋರಿಸಬೇಕು ಅಂತಿದ್ದರೆ ಋತುವಿನ ಆರಂಭದ, ಹಗಲು ಹೊತ್ತಿನ, ಅಷ್ಟು ಪೈಪೋಟಿ ಇಲ್ಲದ ಪಂದ್ಯ ಆರಿಸಿ.

ಮಕ್ಕಳ ಜೇಬಲ್ಲಿ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಇಡಿ. ಲಾಟ್‌ನ ಕಂಬದ ಮೇಲಿರುವ ಅಕ್ಷರ, ಸಂಖ್ಯೆಯ ಫೋಟೊ ತೆಗೆದುಕೊಳ್ಳಿ. ಕತ್ತಲಾದ ಮೇಲೆ ಸಾವಿರಾರು ಕಾರುಗಳ ನಡುವೆ ನಿಮ್ಮದು ಹುಡುಕೋದು ಸುಲಭ ಅಲ್ಲ.

ಕುಡಿತ ನಿಜಕ್ಕೂ ಅಷ್ಟು ದೊಡ್ಡ ಸಮಸ್ಯೆಯಾ?

ಹೌದು. ಮಿನ್ನೆಸೋಟ ವಿಶ್ವವಿದ್ಯಾಲಯದ ಸಂಶೋಧಕರು 13 ಬೇಸ್‌ಬಾಲ್ ಮತ್ತು 3 ಫುಟ್‌ಬಾಲ್ ಪಂದ್ಯ ಮುಗಿಸಿ ಹೊರಬರುತ್ತಿದ್ದ 362 ಜನರ ಉಸಿರು ಪರೀಕ್ಷೆ ಮಾಡಿದರು. 2011ರಲ್ಲಿ ಫಲಿತಾಂಶ ಪ್ರಕಟವಾಯಿತು. ಶೇ. 40ರಷ್ಟು ಜನರಲ್ಲಿ ಮದ್ಯದ ಅಂಶ ಇತ್ತು. ಶೇ. 8ರಷ್ಟು ಜನ ಕಾನೂನಿನ ಮಿತಿ ದಾಟಿದ್ದರು. ಟೈಲ್‌ಗೇಟ್ ಮಾಡಿ ಬಂದವರು ಮಿತಿ ದಾಟಿರುವ ಸಾಧ್ಯತೆ ಉಳಿದವರಿಗಿಂತ 14 ಪಟ್ಟು ಜಾಸ್ತಿ ಇತ್ತು.

ಇದನ್ನು ಎರಡು ಕಡೆಯಿಂದ ಓದಬೇಕು. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಮಿತಿಯೊಳಗೇ ಇದ್ದರು ಅನ್ನೋದು ನಿಜ. ಆದರೆ ಎಪ್ಪತ್ತು ಸಾವಿರ ಜನ ಸೇರುವ ಕಡೆ ನೂರಕ್ಕೆ ಎಂಟು ಅಂದರೆ ಐದು ಸಾವಿರದ ಮೇಲಾಯಿತು. ಅವರಲ್ಲಿ ಎಷ್ಟೋ ಜನ ಆಮೇಲೆ ಕಾರಿನ ಕೀಲಿ ಕೈಗೆತ್ತಿಕೊಳ್ಳುವವರು.

ಹಾಗಾದರೆ ಸ್ಟೇಡಿಯಂ ಒಳಗೆ ಬಿಯರ್ ಮಾರೋದು ನಿಲ್ಲಿಸಿದರೆ ಆಯ್ತಲ್ವಾ?

ಅಷ್ಟು ಸುಲಭ ಅಲ್ಲ. ಇದರಲ್ಲಿ ಎರಡು ವಿಶ್ವವಿದ್ಯಾಲಯಗಳ ಅನುಭವ ಒಂದಕ್ಕೊಂದು ಎದುರಾಗಿ ನಿಲ್ಲುತ್ತದೆ.

ಕೊಲೊರಾಡೊ ವಿಶ್ವವಿದ್ಯಾಲಯ 1996ರಲ್ಲಿ ತನ್ನ ಫೋಲ್ಸಮ್ ಫೀಲ್ಡ್‌ನಲ್ಲಿ ಬಿಯರ್ ಮಾರಾಟ ನಿಲ್ಲಿಸಿತು. ಹಲ್ಲೆ, ಬಂಧನ, ಹೊರಹಾಕುವ ಪ್ರಸಂಗ ಎಲ್ಲವೂ ಇಳಿದವು ಅಂತ ಆಮೇಲೆ ನಡೆದ ಅಧ್ಯಯನ ಹೇಳಿತು.

ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯ 2011ರಲ್ಲಿ ಇದಕ್ಕೆ ತದ್ವಿರುದ್ಧ ಮಾಡಿತು. ಒಳಗೆ ಬಿಯರ್ ಮಾರಾಟ ಶುರು ಮಾಡಿತು. ಅದರ ಜೊತೆಗೆ ಇನ್ನೊಂದು ಕೆಲಸ ಮಾಡಿತು, ಅದೇ ಮುಖ್ಯ. ಅಲ್ಲಿಯವರೆಗೆ ಮಧ್ಯಂತರದಲ್ಲಿ ಜನ ಹೊರಗೆ ಹೋಗಿ, ಕಾರಿನ ಹತ್ತಿರ ನಿಂತು, ಸಿಕ್ಕ ಇಪ್ಪತ್ತು ನಿಮಿಷದಲ್ಲಿ ಗಟಗಟ ಕುಡಿದು ವಾಪಸ್ ಬರುತ್ತಿದ್ದರು. ಆ ಮರುಪ್ರವೇಶವನ್ನೇ ಬಂದ್ ಮಾಡಿತು. ಪಂದ್ಯದ ದಿನದ ಪೊಲೀಸ್ ಪ್ರಕರಣಗಳು ಕಡಿಮೆಯಾದವು.

ಬಿಯರ್ ಎಲ್ಲಿ ಸಿಗುತ್ತದೆ ಅನ್ನೋದಕ್ಕಿಂತ, ಎಷ್ಟು ಬೇಗ ಎಷ್ಟು ಕುಡಿಯುತ್ತಾರೆ ಅನ್ನೋದೇ ಮುಖ್ಯ ಅಂತ ನನಗೆ ಅನ್ನಿಸೋದು ಇದರಿಂದ. ಒಳಗೆ ದುಬಾರಿ, ಸಾಲು ನಿಲ್ಲಬೇಕು, ವಯಸ್ಸು ನೋಡುತ್ತಾರೆ, ಸಾಮಾನ್ಯವಾಗಿ ಮೂರನೇ ಕ್ವಾರ್ಟರ್ (ಪಂದ್ಯದ ನಾಲ್ಕು ಭಾಗಗಳಲ್ಲಿ ಮೂರನೆಯದು) ಕೊನೆಗೆ ಮಾರಾಟ ನಿಲ್ಲುತ್ತದೆ. ಲಾಟ್‌ನಲ್ಲಿ ಇದ್ಯಾವುದೂ ಇಲ್ಲ. ದಕ್ಷಿಣದ ದೊಡ್ಡ ಕಾಲೇಜು ಕೂಟವಾದ ಎಸ್‌ಇಸಿ ಕೂಡ 2019ರಲ್ಲಿ ಸಾಮಾನ್ಯ ಆಸನಗಳ ಕಡೆ ಮದ್ಯ ಮಾರುವ ನಿರ್ಧಾರವನ್ನು ಆಯಾ ವಿಶ್ವವಿದ್ಯಾಲಯಗಳಿಗೇ ಬಿಟ್ಟಿತು.

ಪಾರ್ಕಿಂಗ್ ಲಾಟ್‌ಗೆ ಹೋಗುವಾಗ ತಪಾಸಣೆ ಇರುತ್ತದಾ?

ಸಾಮಾನ್ಯ ಪಂದ್ಯಗಳಲ್ಲಿ ಪಾಸ್ ನೋಡಿ ಬಿಡುತ್ತಾರೆ. ಪ್ರತಿ ಕಾರಿನ ಡಿಕ್ಕಿ ತೆಗೆಸಿ ನೋಡುವುದಿಲ್ಲ. ಆದರೆ ಒಳಗೆ ಕಣ್ಣಿರುತ್ತದೆ. ಕುದುರೆ ಮೇಲೆ, ಸೈಕಲ್ ಮೇಲೆ ಪೊಲೀಸರು ಸುತ್ತುತ್ತಾರೆ. ಎತ್ತರದ ಕಂಬಗಳಲ್ಲಿ ಕ್ಯಾಮೆರಾ ಇರುತ್ತದೆ. ಬಾಂಬ್ ವಾಸನೆ ಹಿಡಿಯುವ ನಾಯಿಗಳೂ ಇರುತ್ತವೆ. ಮಫ್ತಿಯಲ್ಲಿ, ಕೆಲವೊಮ್ಮೆ ಎದುರು ತಂಡದ ಜರ್ಸಿ ತೊಟ್ಟು ಓಡಾಡುವ ಪೊಲೀಸರೂ ಉಂಟು. ಯಾರು ಕೆಣಕುತ್ತಾರೆ ಅಂತ ನೋಡೋಕೆ.

ಬಂದೂಕು ಯಾವ ಲಾಟ್‌ಗೂ ತರಬೇಡಿ. ನಿಮ್ಮಲ್ಲಿ ಇರಲಿಕ್ಕಿಲ್ಲ, ಜೊತೆಗೆ ಬರುವವರ ಕಾರಲ್ಲಿ ಇದ್ದರೂ ಹೇಳಿ. 2004ರ ಸೆಪ್ಟೆಂಬರ್‌ನಲ್ಲಿ ನಾರ್ತ್ ಕ್ಯಾರೊಲೈನಾದ ರಾಲಿಯಲ್ಲಿ ಕಾಲೇಜು ಪಂದ್ಯದ ಹೊತ್ತಿಗೆ ಟೈಲ್‌ಗೇಟ್ ಜಾಗದಲ್ಲಿ ಶುರುವಾದ ಜಗಳ ಗುಂಡು ಹಾರಿಸುವಲ್ಲಿಗೆ ಹೋಯಿತು. ಇಬ್ಬರು ಯುವಕರು ಸತ್ತರು.

ಪಂದ್ಯ ಶುರುವಾದ ಮೇಲೆ ಲಾಟ್‌ನಲ್ಲೇ ಕೂತು ಟಿವಿ ನೋಡಬಹುದಾ? ಕೆಲವು ಕಡೆ ಬಿಡಲ್ಲ ಯಾಕೆ?

2011ರ ಆಗಸ್ಟ್ 20ರಂದು ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಂಡಲ್‌ಸ್ಟಿಕ್ ಪಾರ್ಕ್‌ನಲ್ಲಿ ಫಾರ್ಟಿನೈನರ್ಸ್ ಮತ್ತು ಓಕ್ಲೆಂಡ್ ರೈಡರ್ಸ್ ನಡುವೆ ಪಂದ್ಯ ಇತ್ತು. ಋತು ಶುರುವಾಗುವ ಮುಂಚಿನ ಅಭ್ಯಾಸ ಪಂದ್ಯ, ಅಂಕಪಟ್ಟಿಗೆ ಸೇರುವುದೇ ಇಲ್ಲ. ಅಂಥ ಪಂದ್ಯದ ದಿನ ಪಾರ್ಕಿಂಗ್ ಲಾಟ್‌ನಲ್ಲಿ ಇಬ್ಬರಿಗೆ ಗುಂಡು ಬಿತ್ತು. ಒಳಗೆ ಶೌಚಾಲಯದಲ್ಲಿ ಒಬ್ಬರನ್ನು ಪ್ರಜ್ಞೆ ತಪ್ಪುವ ಹಾಗೆ ಹೊಡೆದರು.

ಆಮೇಲೆ ಫಾರ್ಟಿನೈನರ್ಸ್ ತಂಡ ಕಿಕ್‌ಆಫ್ (ಪಂದ್ಯ ಶುರುವಾಗುವ ಮೊದಲ ಒದೆತ) ಆದ ಮೇಲೆ ಲಾಟ್‌ನಲ್ಲಿ ಟೈಲ್‌ಗೇಟ್ ಬಂದ್ ಮಾಡಿತು. ಒಳಗೆ ಹೋಗಿ, ಇಲ್ಲವೇ ಮನೆಗೆ ಹೋಗಿ ಅಂತ. ಎರಡು ತಂಡಗಳ ನಡುವೆ ವರ್ಷವರ್ಷ ನಡೆಯುತ್ತಿದ್ದ ಆ ಅಭ್ಯಾಸ ಪಂದ್ಯವೂ ನಿಂತಿತು.

ಈ ನಿಯಮ ಸರಿ ಅಂತಲೇ ನನ್ನ ಅಭಿಪ್ರಾಯ. ಟಿಕೆಟ್ ಇಲ್ಲದೆ ಕುಡಿಯೋಕಷ್ಟೇ ಬಂದ ಗುಂಪು ಲಾಟ್‌ನಲ್ಲೇ ಇನ್ನೂ ಮೂರು ಗಂಟೆ ಕುಡಿಯುತ್ತದೆ. ಪಂದ್ಯ ಸೋತ ಬೇಜಾರಲ್ಲಿ ಹೊರಬರುವವರು ಆ ಗುಂಪಿನ ನಡುವೆಯೇ ಹಾದುಹೋಗಬೇಕು. ಜಗಳ ಹತ್ತಿಕೊಳ್ಳೋಕೆ ಇನ್ನೇನು ಬೇಕು?

ಬಾಡಿಗೆ ಟ್ರಕ್ ತರಬಾರದು, ಬ್ಯಾರಲ್ ಬಿಯರ್ ತರಬಾರದು ಅನ್ನೋ ನಿಯಮ ಎಲ್ಲಿಂದ ಬಂತು?

ಒಂದೊಂದು ಕಡೆ ಒಂದೊಂದು ಕಾರಣ. ಯೇಲ್ ವಿಶ್ವವಿದ್ಯಾಲಯದ್ದು ಎಲ್ಲರಿಗೂ ಗೊತ್ತಿರಬೇಕಾದ್ದು. 2011ರ ನವೆಂಬರ್ 19ರಂದು ಹಾರ್ವರ್ಡ್ ವಿರುದ್ಧದ ಪಂದ್ಯದ ಬೆಳಿಗ್ಗೆ, ಬಿಯರ್ ಬ್ಯಾರಲ್ ತುಂಬಿಕೊಂಡು ಟೈಲ್‌ಗೇಟ್ ಜಾಗಕ್ಕೆ ಬರುತ್ತಿದ್ದ ಬಾಡಿಗೆ ಟ್ರಕ್ ಒಂದು ಜನರ ಮೇಲೆ ನುಗ್ಗಿತು. ಒಬ್ಬ ಮಹಿಳೆ ಸತ್ತರು, ಇಬ್ಬರಿಗೆ ಗಾಯವಾಯಿತು. ಮರುವರ್ಷದ ಆರಂಭದಲ್ಲೇ ಯೇಲ್ ಹೊಸ ನಿಯಮ ತಂದಿತು. ಬ್ಯಾರಲ್ ಇಲ್ಲ, ದೊಡ್ಡ ಟ್ರಕ್ ಇಲ್ಲ, ವಿದ್ಯಾರ್ಥಿಗಳ ಟೈಲ್‌ಗೇಟ್ ಕಿಕ್‌ಆಫ್ ಹೊತ್ತಿಗೆ ಮುಗಿಯಬೇಕು.

ಲಾಟ್‌ನಲ್ಲಿ ನಡೆಯುವಾಗ ಇದು ನೆನಪಿರಲಿ. ಗಾಡಿಗಳು ಒಳಗೆ ಬರುತ್ತಲೇ ಇರುತ್ತವೆ, ಜನ ಗಾಡಿಗಳ ನಡುವೆ ಕುರ್ಚಿ ಹಾಕಿ ಕೂತಿರುತ್ತಾರೆ. ಕಾರು ಓಡಾಡುವ ದಾರಿಯಲ್ಲಿ ಮಕ್ಕಳು ಚೆಂಡಾಟ ಆಡದ ಹಾಗೆ ನೋಡಿಕೊಳ್ಳಿ. ನಿಮ್ಮ ಡೇರೆ, ಮೇಜು ದಾರಿಗೆ ಚಾಚಿದ್ದರೆ ಸಿಬ್ಬಂದಿ ಬಂದು ತೆಗೆಯಿರಿ ಅನ್ನುತ್ತಾರೆ. ವಾದ ಮಾಡಬೇಡಿ. ಆಂಬುಲೆನ್ಸ್ ಬರೋದು ಅದೇ ದಾರಿಯಲ್ಲಿ.

ಗ್ರಿಲ್ ಬಗ್ಗೆ ಏನು ಎಚ್ಚರ ಬೇಕು?

ಇದ್ದಿಲಿನ ಗ್ರಿಲ್ ಆದರೆ ಕೆಂಡದ ಬಗ್ಗೆ ಎಚ್ಚರ. ಲಾಟ್‌ನಲ್ಲಿ ಅಲ್ಲಲ್ಲಿ ದೊಡ್ಡ ಕಬ್ಬಿಣದ ಡ್ರಮ್ ಇಟ್ಟಿರುತ್ತಾರೆ, ಬಿಸಿ ಕೆಂಡಕ್ಕೆ ಅಂತ ಮೇಲೆ ಬರೆದಿರುತ್ತದೆ. ಕಿಕ್‌ಆಫ್‌ಗೆ ಅರ್ಧ ಗಂಟೆ ಇರುವಾಗ ಸುಮ್ನೆ ಒಂದು ಸುತ್ತು ನಡೆದು ನೋಡಿ. ಎಲ್ಲರಿಗೂ ಅವಸರ. ಒಬ್ಬರು ಡ್ರಮ್ ತನಕ ಹೊತ್ತುಕೊಂಡು ಹೋಗಿ ಸುರಿಯುತ್ತಾರೆ, ಬೂದಿ ಎದ್ದು ಮುಖಕ್ಕೆ ಹಾರುತ್ತದೆ. ಇನ್ನೊಬ್ಬರು ಮುಚ್ಚಳ ಮುಚ್ಚಿ, ಆರಿರಬಹುದು ಅಂದುಕೊಂಡು ಗ್ರಿಲ್ ಅನ್ನು ಕಾರಿನ ಕೆಳಗೆ ತಳ್ಳುತ್ತಾರೆ. ಮುಚ್ಚಿದ ಕೆಂಡ ಗಂಟೆಗಟ್ಟಲೆ ಬಿಸಿ ಇರುತ್ತದೆ. ಮೇಲೆ ಬೂದಿ ಬಿಳಿಯಾಗಿ ಕಂಡರೂ ಒಳಗೆ ಕೆಂಪಗೆ ಇರುತ್ತದೆ.

2019ರ ಸೆಪ್ಟೆಂಬರ್‌ನಲ್ಲಿ ಮಯಾಮಿಯ ಹಾರ್ಡ್ ರಾಕ್ ಸ್ಟೇಡಿಯಂ ಲಾಟ್‌ನಲ್ಲಿ ಡಾಲ್ಫಿನ್ಸ್ ಪಂದ್ಯ ನಡೆಯುತ್ತಿರುವಾಗಲೇ ಸಾಲಾಗಿ ನಿಂತಿದ್ದ ಹಲವು ಕಾರುಗಳು ಸುಟ್ಟು ಕರಕಲಾದವು. ಸರಿಯಾಗಿ ಆರಿಸದೆ ಬಿಟ್ಟ ಗ್ರಿಲ್‌ನಿಂದ ಬೆಂಕಿ ಹತ್ತಿತು ಅಂತ ವರದಿಯಾಯಿತು. ಕಾರಿನ ಮಾಲೀಕರು ಒಳಗೆ ಪಂದ್ಯ ನೋಡುತ್ತಿದ್ದರು.

ಗ್ಯಾಸ್ ಗ್ರಿಲ್ ಆದರೆ ಸಿಲಿಂಡರ್ ವಾಲ್ವ್ ಮುಚ್ಚಿ. ಎಣ್ಣೆ ಕಾಯಿಸಿ ಕರಿಯುವುದಕ್ಕೆ ಬಹಳ ಕಡೆ ಅನುಮತಿ ಇಲ್ಲ. ಬಜ್ಜಿ, ಬೋಂಡಾ ಮನೆಯಲ್ಲೇ ಮಾಡಿ ತನ್ನಿ. ಚಳಿ ಅಂತ ಮುಚ್ಚಿದ ಡೇರೆ ಒಳಗೆ ಇದ್ದಿಲು ಅಥವಾ ಜನರೇಟರ್ ಇಡಲೇಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ನಿದ್ದೆ ಬಂದ ಹಾಗಾಗಿ ಪ್ರಾಣ ಹೋಗುತ್ತದೆ.

ಬಫಲೋ ಬಿಲ್ಸ್ ಅಭಿಮಾನಿಗಳು ಮೇಜಿನ ಮೇಲೆ ಹಾರುತ್ತಾರಲ್ಲ, ಅದು ನಿಜವಾ? ಅದಕ್ಕೆ ತಡೆ ಇಲ್ಲವಾ?

ನಿಜ. ನ್ಯೂಯಾರ್ಕ್ ರಾಜ್ಯದ ಆರ್ಚರ್ಡ್ ಪಾರ್ಕ್‌ನಲ್ಲಿ ಬಿಲ್ಸ್ ಪಂದ್ಯದ ಹೊತ್ತಿಗೆ ಬಸ್ಸು, ವ್ಯಾನಿನ ಮೇಲಿಂದ ಮಡಚುವ ಮೇಜಿನ ಮೇಲೆ ಹಾರಿ ಅದನ್ನು ಮುರಿಯೋದು ಒಂದು ರೂಢಿಯೇ ಆಗಿಹೋಯಿತು. ಮೇಜಿಗೆ ಬೆಂಕಿ ಹಚ್ಚಿ ಹಾರಿದವರೂ ಇದ್ದಾರೆ. ವಿಡಿಯೊದಲ್ಲಿ ಕಾಣೋದು ಹಾರೋದು ಮಾತ್ರ. ಬೆನ್ನು, ಕತ್ತು, ಮಣಿಕಟ್ಟು ಏನಾಯಿತು ಅನ್ನೋದು ಕಾಣುವುದಿಲ್ಲ. ಕೆಳಗೆ ಇರೋದು ಡಾಂಬರು.

ತಡೆ ಇದೆ. ಬಸ್ಸುಗಳಲ್ಲಿ ಬರುವ ಗುಂಪುಗಳಿಗೆ ತಂಡ ಬೇರೆ ಜಾಗ ಗೊತ್ತು ಮಾಡಿತು, ಕಾವಲು ಹಾಕಿತು, ನಿಯಮ ಬಿಗಿ ಮಾಡಿತು. ಆದರೆ ಖಾಸಗಿ ಲಾಟ್‌ಗಳು ಸುತ್ತ ಬೇಕಾದಷ್ಟಿವೆ. ಪಕ್ಕದ ಮನೆಯವರು ತಮ್ಮ ಹುಲ್ಲುಹಾಸನ್ನೇ ದುಡ್ಡಿಗೆ ಬಿಡುತ್ತಾರೆ. ಅಲ್ಲಿ ತಂಡದ ಮಾತು ನಡೆಯುವುದಿಲ್ಲ.

ಇದೇ ಅಭಿಮಾನಿಗಳ ಇನ್ನೊಂದು ಮುಖವನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ. 2020ರ ನವೆಂಬರ್‌ನಲ್ಲಿ ಬಿಲ್ಸ್ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವ ಮುಖ್ಯ ಆಟಗಾರ) ಜಾಶ್ ಆಲನ್ ಅವರ ಅಜ್ಜಿ ತೀರಿಕೊಂಡರು. ಅಭಿಮಾನಿಗಳು ಆಲನ್ ಅವರ ಜರ್ಸಿ ಸಂಖ್ಯೆಯ ನೆನಪಿಗೆ 17 ಡಾಲರ್‌ನಂತೆ ಬಫಲೋದ ಓಯಿಶೈ ಮಕ್ಕಳ ಆಸ್ಪತ್ರೆಗೆ ದೇಣಿಗೆ ಕಳಿಸಿದರು. ಅದು ಹತ್ತು ಲಕ್ಷ ಡಾಲರ್ ದಾಟಿತು.

ಫಿಲಡೆಲ್ಫಿಯಾದಲ್ಲಿ ಸ್ಟೇಡಿಯಂ ಒಳಗೇ ಕೋರ್ಟ್ ಇತ್ತಂತೆ?

ಇತ್ತು. 1997ರ ನವೆಂಬರ್‌ನಲ್ಲಿ ಈಗಲ್ಸ್ ಮತ್ತು ಫಾರ್ಟಿನೈನರ್ಸ್ ನಡುವಿನ ಸೋಮವಾರ ರಾತ್ರಿಯ ಪಂದ್ಯದಲ್ಲಿ ವೆಟರನ್ಸ್ ಸ್ಟೇಡಿಯಂ ತುಂಬ ಹೊಡೆದಾಟ. ಒಬ್ಬ ಪ್ರೇಕ್ಷಕ ಸಿಗ್ನಲ್ ಪಿಸ್ತೂಲಿನಿಂದ ಉರಿಯುವ ಗುಂಡನ್ನು ಎದುರಿನ ಆಸನಗಳ ಕಡೆಗೇ ಹಾರಿಸಿದ. ಅದೇ ತಿಂಗಳು ಸ್ಟೇಡಿಯಂನ ನೆಲಮಾಳಿಗೆಯಲ್ಲಿ ಕೋರ್ಟ್ ಶುರುವಾಯಿತು. ನ್ಯಾಯಾಧೀಶ ಶೇಮಸ್ ಮೆಕ್ಯಾಫ್ರಿ ಪಂದ್ಯದ ದಿನ ಅಲ್ಲೇ ಕೂರುತ್ತಿದ್ದರು. ಗಲಾಟೆ ಮಾಡಿದವರನ್ನು ಹಿಡಿದು ತಂದರೆ ಅಲ್ಲೇ ವಿಚಾರಣೆ, ಅಲ್ಲೇ ದಂಡ. 2003ರಲ್ಲಿ ತಂಡ ಹೊಸ ಲಿಂಕನ್ ಫೈನಾನ್ಶಿಯಲ್ ಫೀಲ್ಡ್‌ಗೆ ಹೋಯಿತು, ಆ ಹೊತ್ತಿಗೆ ಈ ಕೋರ್ಟ್ ನಿಂತಿತು.

ಅದು ಕೆಲಸ ಮಾಡಿದ್ದು ಶಿಕ್ಷೆ ದೊಡ್ಡದಾಗಿದ್ದಕ್ಕಲ್ಲ, ತಕ್ಷಣ ಆಗುತ್ತಿದ್ದಕ್ಕೆ ಅಂತ ನನ್ನ ನಂಬಿಕೆ. ಮೂರು ತಿಂಗಳ ನಂತರ ಬರುವ ಸಮನ್ಸ್‌ಗೆ ಯಾರೂ ಆ ಕ್ಷಣ ಹೆದರುವುದಿಲ್ಲ.

ಹಾಗಂತ ಫಿಲಡೆಲ್ಫಿಯಾ ಪೂರ್ತಿ ತಣ್ಣಗಾಯಿತು ಅಂತಲ್ಲ. 2018ರ ಜನವರಿಯಲ್ಲಿ ಪ್ಲೇಆಫ್ (ಋತುವಿನ ಕೊನೆಯ ನಾಕೌಟ್) ಪಂದ್ಯಗಳ ಹೊತ್ತಿಗೆ ಸ್ಟೇಡಿಯಂ ಹೊರಗೆ ಪೊಲೀಸ್ ಕುದುರೆಗೆ ಗುದ್ದಿದ್ದಕ್ಕೆ ಜನ ಬಂಧನಕ್ಕೊಳಗಾದರು.

ನಾನು ಎದುರು ತಂಡದ ಜರ್ಸಿ ಹಾಕಿಕೊಂಡು ಹೋದರೆ?

ಹೋಗಿ. ಛೇಡಿಸುತ್ತಾರೆ, ಕೂಗುತ್ತಾರೆ, ಆಮೇಲೆ ಕರೆದು ಬರ್ಗರ್ ಕೊಡುತ್ತಾರೆ. ಅದು ಆಟದ ಭಾಗ. ತಮಾಷೆ ಎಲ್ಲಿ ಮುಗಿಯುತ್ತದೆ ಅಂತ ಗುರುತಿಸಿ. ನಿಮ್ಮ ಬಣ್ಣ, ದೇಶ, ಭಾಷೆ ಎತ್ತಿ ಮಾತಾಡಿದರೆ, ಮೈ ಮುಟ್ಟಿದರೆ, ಮೇಲೆ ಬಿಯರ್ ಎರಚಿದರೆ ಅದು ಆಟ ಅಲ್ಲ. ಉತ್ತರ ಕೊಡೋಕೆ ನಿಲ್ಲಬೇಡಿ, ಜಾಗ ಬಿಟ್ಟು ದೂರು ಕೊಡಿ. ಇಬ್ಬರು ಕೈ ಕೈ ಮಿಲಾಯಿಸಿದರೆ ಮೊದಲು ಶುರು ಮಾಡಿದ್ದು ಯಾರು ಅಂತ ಸಿಬ್ಬಂದಿ ಕೂತು ವಿಚಾರಿಸುವುದಿಲ್ಲ. ಇಬ್ಬರನ್ನೂ ಹೊರಗೆ ಹಾಕುತ್ತಾರೆ.

ದೂರು ಯಾರಿಗೆ, ಹೇಗೆ?

ಎನ್‌ಎಫ್‌ಎಲ್ 2008ರಲ್ಲಿ ಅಭಿಮಾನಿಗಳ ನಡವಳಿಕೆ ಸಂಹಿತೆ ತಂದಿತು. ಅದು ಸ್ಟೇಡಿಯಂಗೂ ಅನ್ವಯ, ಪಾರ್ಕಿಂಗ್ ಲಾಟ್‌ಗೂ ಅನ್ವಯ. ಪ್ರತಿ ಸ್ಟೇಡಿಯಂಗೂ ಒಂದು ಮೆಸೇಜ್ ನಂಬರ್ ಇರುತ್ತದೆ. ದೊಡ್ಡ ಪರದೆ ಮೇಲೆ, ಗೋಡೆಗಳ ಮೇಲೆ ಬರೆದಿರುತ್ತಾರೆ. ನಿಮ್ಮ ಸಾಲು, ಆಸನ ಅಥವಾ ಲಾಟ್ ಸಂಖ್ಯೆ ಹಾಕಿ, ಏನು ನಡೆಯುತ್ತಿದೆ ಅಂತ ಎರಡು ಸಾಲು ಕಳಿಸಿದರೆ ಸಾಕು. ಪಕ್ಕದಲ್ಲಿ ಕೂತವನಿಗೆ ನೀವೇ ದೂರು ಕೊಟ್ಟಿದ್ದು ಅಂತ ಗೊತ್ತಾಗುವುದಿಲ್ಲ. ಜೀವಕ್ಕೆ ಅಪಾಯ ಅನ್ನಿಸಿದರೆ 911.

ನಮ್ಮವರು ಈ ನಂಬರ್ ಬಳಸೋದು ಕಡಿಮೆ. ಪರದೇಶ, ಯಾಕೆ ಸುಮ್ನೆ ತಂಟೆ ಅಂತ ನುಂಗಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಟಿಕೆಟ್‌ಗೆ ನೀವೂ ಅಷ್ಟೇ ದುಡ್ಡು ಕೊಟ್ಟಿದ್ದೀರಿ.

ಹೊರಗೆ ಹಾಕಿದರೆ ಏನಾಗುತ್ತದೆ?

ಆ ದಿನದ ಪಂದ್ಯ ಮುಗಿಯಿತು, ದುಡ್ಡು ವಾಪಸ್ ಇಲ್ಲ. ತಂಡ ಮತ್ತೆ ಬರದಂತೆ ನಿಷೇಧ ಹಾಕಬಹುದು. 2012ರ ಹೊತ್ತಿಗೆ ಎನ್‌ಎಫ್‌ಎಲ್ ಮತ್ತೆ ಸ್ಟೇಡಿಯಂಗೆ ಬರೋಕೆ ಒಂದು ದಾರಿ ತೆರೆಯಿತು. ಹೊರಹಾಕಲ್ಪಟ್ಟವರು ಸುಮಾರು ನಾಲ್ಕು ಗಂಟೆಯ ಆನ್‌ಲೈನ್ ಪಾಠ ಮುಗಿಸಿ ಪರೀಕ್ಷೆ ಪಾಸಾಗಬೇಕು, ಅದರ ಖರ್ಚು ಅವರದ್ದೇ. ಸಿಟ್ಟು ಹಿಡಿತದಲ್ಲಿಡೋದು, ಕುಡಿತದ ಮಿತಿ ಅದರ ವಿಷಯ. ಇನ್ನೊಂದು ಮಾತು. ನಿಮ್ಮ ಸೀಸನ್ ಟಿಕೆಟ್ ಅನ್ನು ಗೆಳೆಯನಿಗೆ ಕೊಟ್ಟಿರಿ ಅನ್ನಿ. ಅವನು ಗಲಾಟೆ ಮಾಡಿದರೆ ಹೊಣೆ ಟಿಕೆಟ್ ಯಾರ ಹೆಸರಲ್ಲಿದೆಯೋ ಅವರ ಮೇಲೂ ಬರಬಹುದು.

ಗೇಟಿನಲ್ಲಿ ಯಾವ ಬ್ಯಾಗ್ ಬಿಡುತ್ತಾರೆ?

2013ರಿಂದ ಎನ್‌ಎಫ್‌ಎಲ್ ನಿಯಮ ಇದು: ಆರಪಾರ ಕಾಣುವ ಪ್ಲಾಸ್ಟಿಕ್ ಬ್ಯಾಗ್, 12 ಇಂಚು ಉದ್ದ, 12 ಇಂಚು ಎತ್ತರ, 6 ಇಂಚು ಅಗಲ ಮೀರಬಾರದು. ಇಲ್ಲವೇ ಒಂದು ಗ್ಯಾಲನ್‌ನ ಜಿಪ್ ಚೀಲ. ಅದರ ಜೊತೆ ಅಂಗೈ ಅಗಲದ ಪರ್ಸ್, ಹೆಚ್ಚೆಂದರೆ 4.5 ಇಂಚು, 6.5 ಇಂಚು. ಮಗುವಿನ ಡೈಪರ್, ಹಾಲಿನ ಬಾಟಲಿ ಕೂಡ ಆ ಪಾರದರ್ಶಕ ಬ್ಯಾಗಿನಲ್ಲೇ ಇಡಿ. ಔಷಧಿ, ವೈದ್ಯಕೀಯ ಸಾಮಾನು ಇದ್ದರೆ ಬೇರೆ ಗೇಟಿನಲ್ಲಿ ನೋಡಿ ಬಿಡುತ್ತಾರೆ. ಕಾಲೇಜುಗಳೂ ಒಂದೊಂದಾಗಿ ಇದನ್ನೇ ಅನುಸರಿಸಿದವು, ಎಸ್‌ಇಸಿ 2017ರಲ್ಲಿ.

ಗೇಟಿನ ಹತ್ತಿರ ಬರುವ ಮುಂಚೆ ಜೇಬು ನೋಡಿಕೊಳ್ಳಿ. ಲಾಟ್‌ನಲ್ಲಿ ಈರುಳ್ಳಿ ಹೆಚ್ಚಿದ ಚಾಕು, ಬಾಟಲಿ ಓಪನರ್ ಜೇಬಲ್ಲೇ ಉಳಿದಿರುತ್ತದೆ. ಕಾರಿನ ತನಕ ವಾಪಸ್ ನಡೆಯಬೇಕು, ಇಲ್ಲವೇ ಕಸದ ಬುಟ್ಟಿಗೆ ಹಾಕಬೇಕು.

ಮೈ ತಡವಿ ನೋಡೋಕೆ ಅವರಿಗೆ ಹಕ್ಕಿದೆಯಾ?

ಎನ್‌ಎಫ್‌ಎಲ್ 2005ರಲ್ಲಿ ಮೈ ತಡವಿ ನೋಡುವ ತಪಾಸಣೆ ಕಡ್ಡಾಯ ಮಾಡಿದಾಗ ಫ್ಲಾರಿಡಾದ ಟ್ಯಾಂಪಾದಲ್ಲಿ ಸೀಸನ್ ಟಿಕೆಟ್ ಹೊಂದಿದ್ದ ಶಾಲಾ ಶಿಕ್ಷಕರೊಬ್ಬರು ಇದೇ ಪ್ರಶ್ನೆ ಹಿಡಿದು ಕೋರ್ಟಿಗೆ ಹೋದರು. ಕೆಳಗಿನ ಕೋರ್ಟಿನಲ್ಲಿ ಗೆದ್ದರು. ಆದರೆ 2008ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅವರ ವಿರುದ್ಧ ತೀರ್ಪು ಕೊಟ್ಟಿತು. ತಪಾಸಣೆ ಇದೆ ಅಂತ ಗೊತ್ತಿದ್ದೂ ಬಂದಿದ್ದಾರೆ, ಅಂದರೆ ಒಪ್ಪಿಕೊಂಡಿದ್ದಾರೆ ಅಂತ ಅದರ ತರ್ಕ. ಈಗ ಹೆಚ್ಚಾಗಿ ಮೆಟಲ್ ಡಿಟೆಕ್ಟರ್ ದಾಟಿದರೆ ಮುಗಿಯಿತು. ತಡವಲೇಬೇಕಾದರೆ ಹೆಂಗಸರನ್ನು ಹೆಂಗಸರೇ ನೋಡಬೇಕು ಅಂತ ನೀವು ಕೇಳಬಹುದು.

ಎಷ್ಟು ಹೊತ್ತಿಗೆ ಗೇಟಿಗೆ ಹೋಗಬೇಕು?

ಕಿಕ್‌ಆಫ್‌ಗೆ ಒಂದು ಗಂಟೆಗೂ ಮುಂಚೆ. ಟೈಲ್‌ಗೇಟ್‌ನ ದೊಡ್ಡ ತೊಂದರೆಯೇ ಇದು. ಎಲ್ಲರೂ ಕೊನೆ ಬಿಯರ್, ಕೊನೆ ತುತ್ತು ಅಂತ ಕೂತು, ಕೊನೆ ಇಪ್ಪತ್ತು ನಿಮಿಷದಲ್ಲಿ ಒಟ್ಟಿಗೆ ಗೇಟಿಗೆ ಬರುತ್ತಾರೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಏನಾಯಿತು ಅಂತ ನಮಗೆ ಯಾರೂ ಹೇಳಬೇಕಾಗಿಲ್ಲ. 11 ಜನ ಹೋದರು. ಸಂಭ್ರಮಕ್ಕೆ ಬಂದವರು ಅವರು. ಗೇಟಿನ ಹತ್ತಿರ ನೂಕಾಟ ಶುರುವಾಗಿದೆ, ಎದೆ ಒತ್ತುತ್ತಿದೆ ಅನ್ನಿಸಿದರೆ ಮುಂದೆ ಹೋಗುವ ಹಟ ಬಿಡಿ, ಓರೆಯಾಗಿ ಪಕ್ಕಕ್ಕೆ ಸರಿಯಿರಿ. ಮೊದಲ ಹತ್ತು ನಿಮಿಷದ ಆಟ ತಪ್ಪಿದರೆ ತಪ್ಪಲಿ.

ವೀಸಾದಲ್ಲಿ ಇರುವವರು ಇನ್ನೂ ಏನಾದರೂ ನೋಡಿಕೊಳ್ಳಬೇಕಾ?

ಹೌದು, ಇದನ್ನು ಎರಡು ಸಲ ಓದಿ. ಜೊತೆಯ ಅಮೆರಿಕನ್ ಗೆಳೆಯನಿಗೆ ಒಂದು ರಾತ್ರಿಯ ತಲೆನೋವು ಆಗುವ ವಿಷಯ ನಿಮಗೆ ಇಡೀ ಬದುಕಿನ ದಿಕ್ಕನ್ನೇ ಬದಲಿಸಬಹುದು.

ಕುಡಿದು ಕಾರು ಓಡಿಸಿ ಸಿಕ್ಕಿಬಿದ್ದರೆ, ಕೋರ್ಟಿನಲ್ಲಿ ತಪ್ಪು ಸಾಬೀತಾಗುವ ಮುಂಚೆಯೇ, ಬಂಧನ ಒಂದರ ಮೇಲೆಯೇ ವೀಸಾ ರದ್ದು ಮಾಡುವ ಅಧಿಕಾರ ಅಮೆರಿಕದ ವಿದೇಶಾಂಗ ಇಲಾಖೆಗೆ ಇದೆ. 2015ರಿಂದ ಇದನ್ನು ಬಳಸುತ್ತಲೂ ಇದ್ದಾರೆ. ಎಫ್-1 ಆಗಲಿ, ಎಚ್-1ಬಿ ಆಗಲಿ. ವೀಸಾ ರದ್ದಾದ ಮಾತ್ರಕ್ಕೆ ಆ ದಿನವೇ ದೇಶ ಬಿಡಬೇಕು ಅಂತಲ್ಲ, ಆದರೆ ಊರಿಗೆ ಹೋದರೆ ಹೊಸ ಸಂದರ್ಶನ, ವೈದ್ಯಕೀಯ ಪರೀಕ್ಷೆ ಎಲ್ಲ ದಾಟಿ ಬರಬೇಕು. ಬಂಧನವಾದರೆ ಯಾವುದಕ್ಕೂ ಸಹಿ ಹಾಕುವ ಮುಂಚೆ ವಲಸೆ ಕಾನೂನು ಗೊತ್ತಿರುವ ವಕೀಲರನ್ನು ಕೇಳಿ.

ಗಾಂಜಾ ಕೆಲವು ರಾಜ್ಯಗಳಲ್ಲಿ ಸಕ್ರಮ, ನಿಜ. ಫೆಡರಲ್ ಕಾನೂನಿನಲ್ಲಿ ಅಲ್ಲ. ವೀಸಾ ನೋಡುವುದು ಫೆಡರಲ್ ಸರ್ಕಾರ. ಪಕ್ಕದ ಡೇರೆಯವರು ಕೊಟ್ಟರೂ ಬೇಡ ಅನ್ನಿ.

21 ತುಂಬದ ವಿದ್ಯಾರ್ಥಿಗಳು ಕುಡಿಯುವ ಹಾಗಿಲ್ಲ, ಬೇರೆಯವರ ಐಡಿ ತೋರಿಸುವ ಹಾಗಂತೂ ಇಲ್ಲವೇ ಇಲ್ಲ. 21 ದಾಟಿದ ನೀವು ತಮ್ಮನಂಥ ಜೂನಿಯರ್‌ಗೆ ಗ್ಲಾಸ್ ತುಂಬಿ ಕೊಟ್ಟರೆ ಅಪರಾಧ ನಿಮ್ಮದೂ ಆಗುತ್ತದೆ. ಲಾಟ್ ಒಳಗೆ ಗ್ಲಾಸ್ ಹಿಡಿದು ಓಡಾಡಬಹುದು, ಆದರೆ ರಸ್ತೆಗೆ ಕಾಲಿಟ್ಟರೆ ಬಹಳ ಊರುಗಳಲ್ಲಿ ಅದೂ ತಪ್ಪು.

ಡ್ರೋನ್ ಹಾರಿಸಿ ವಿಡಿಯೊ ತೆಗೆಯಬಹುದಾ?

ಬೇಡ. 30,000 ಅಥವಾ ಅದಕ್ಕಿಂತ ಹೆಚ್ಚು ಆಸನಗಳ ಸ್ಟೇಡಿಯಂಗಳಲ್ಲಿ ಎನ್‌ಎಫ್‌ಎಲ್ ಅಥವಾ ದೊಡ್ಡ ಕಾಲೇಜು ಪಂದ್ಯ ಇದ್ದರೆ, ಒಂದು ಗಂಟೆ ಮುಂಚೆಯಿಂದ ಮುಗಿದ ಒಂದು ಗಂಟೆ ನಂತರದವರೆಗೆ, ಸುತ್ತ ಮೂರು ನಾಟಿಕಲ್ ಮೈಲಿ ಒಳಗೆ ನಿಷಿದ್ಧ.

ಸೂಪರ್ ಬೌಲ್‌ನಲ್ಲಿ ಟೈಲ್‌ಗೇಟ್ ಇರುತ್ತದಾ?

ಸೂಪರ್ ಬೌಲ್ ಅಂದರೆ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯ. ಅದಕ್ಕೆ ಸ್ಟೇಡಿಯಂ ಲಾಟ್‌ನಲ್ಲಿ ಟೈಲ್‌ಗೇಟ್ ಇರುವುದಿಲ್ಲ. ಸುತ್ತ ದೊಡ್ಡ ಬೇಲಿ ಹಾಕಿ ಇಡೀ ಜಾಗವನ್ನೇ ಭದ್ರತಾ ವಲಯ ಮಾಡುತ್ತಾರೆ. 2025ರ ಹೊಸ ವರ್ಷದ ಮುಂಜಾನೆ ನ್ಯೂ ಆರ್ಲಿಯನ್ಸ್‌ನ ಬರ್ಬನ್ ಸ್ಟ್ರೀಟ್‌ನಲ್ಲಿ ಟ್ರಕ್ ನುಗ್ಗಿಸಿ 14 ಜನರನ್ನು ಕೊಂದ ದಾಳಿ ನಡೆಯಿತು. ಅಂದು ಅಲ್ಲಿ ನಡೆಯಬೇಕಿದ್ದ ಶುಗರ್ ಬೌಲ್ ಕಾಲೇಜು ಪಂದ್ಯವನ್ನು ಒಂದು ದಿನ ಮುಂದೂಡಿದರು. ಮರುತಿಂಗಳು ಅದೇ ಊರಲ್ಲಿ ಸೂಪರ್ ಬೌಲ್ ಇತ್ತು. ಜನ ನಡೆಯುವ ದಾರಿಗೆ ಅಡ್ಡಲಾಗಿ ದಪ್ಪ ಕಂಬ, ಕಾಂಕ್ರೀಟ್ ದಿಮ್ಮಿ, ಲಾರಿ ಕಂಡರೆ ಅದು ಇಂಥ ದಾಳಿ ತಡೆಯೋಕೆ.

ಮೊದಲ ಸಲ ಹೋಗುತ್ತಿದ್ದೇವೆ. ಏನು ತಗೊಂಡು ಹೋಗಲಿ?

ಎಲ್ಲಕ್ಕಿಂತ ಮೊದಲು ಕುಡಿಯದ ಒಬ್ಬ ಡ್ರೈವರ್. ಅವರು ಯಾರು ಅಂತ ಮನೆಯಲ್ಲೇ ಗೊತ್ತು ಮಾಡಿ, ಲಾಟ್‌ಗೆ ಹೋದ ಮೇಲೆ ಅಲ್ಲ. 1999ರಲ್ಲಿ ನ್ಯೂಜೆರ್ಸಿಯಲ್ಲಿ ಜೈಂಟ್ಸ್ ಪಂದ್ಯದ ದಿನ ಟೈಲ್‌ಗೇಟ್‌ನಲ್ಲೂ, ಒಳಗೂ ಕುಡಿದ ಅಭಿಮಾನಿಯೊಬ್ಬ ಮನೆಗೆ ಹೋಗುವಾಗ ಎದುರಿನ ಕಾರಿಗೆ ಗುದ್ದಿದ. ಅದರಲ್ಲಿದ್ದ ಎರಡು ವರ್ಷದ ಮಗುವಿಗೆ ಶಾಶ್ವತವಾಗಿ ಪಾರ್ಶ್ವವಾಯು ಆಯಿತು. 2005ರಲ್ಲಿ ಜ್ಯೂರಿ 13.5 ಕೋಟಿ ಡಾಲರ್ ಪರಿಹಾರ ಹೇಳಿತು. ಆ ತೀರ್ಪು ಮೇಲ್ಮನವಿಯಲ್ಲಿ ನಿಲ್ಲಲಿಲ್ಲ, ಕೊನೆಗೆ ರಾಜಿ ಆಯಿತು. ಮಗುವಿನ ಕೈಕಾಲು ವಾಪಸ್ ಬರಲಿಲ್ಲ.

ಉಳಿದದ್ದು ಸುಲಭ. ನೀರಿನ ಬಾಟಲಿ ಬಿಯರ್‌ಗಿಂತ ಜಾಸ್ತಿ ಇರಲಿ. ಗಾಜಿನ ಸಾಮಾನು ಬೇಡ, ಬಹಳ ಲಾಟ್‌ಗಳಲ್ಲಿ ನಿಷಿದ್ಧ. ಉಪ್ಪಿನಕಾಯಿಯನ್ನೂ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಕೊಳ್ಳಿ. ಚಿತ್ರಾನ್ನ, ಪುಳಿಯೋಗರೆ ಚಳಿಯಲ್ಲೂ ಚೆನ್ನಾಗಿರುತ್ತದೆ, ಬಿಸಿ ಮಾಡುವ ರಗಳೆ ಇಲ್ಲ. ನಾಲ್ಕು ಜನಕ್ಕೆ ಜಾಸ್ತಿಯೇ ತನ್ನಿ, ಪಕ್ಕದ ಗಾಡಿಯವರಿಗೂ ಕೊಡಿ. ನೀವು ಒಳಗೆ ಹೋದಾಗ ನಿಮ್ಮ ಗಾಡಿ ಮೇಲೆ ಕಣ್ಣಿಡುವವರು ಅವರೇ. ಕಸಕ್ಕೆ ಎರಡು ದೊಡ್ಡ ಚೀಲ, ಕೆಂಡ ಆರಿಸೋಕೆ ಒಂದು ಕ್ಯಾನ್ ನೀರು, ಬ್ಯಾಂಡೇಜ್, ಟಾರ್ಚ್. ಪಂದ್ಯ ಮುಗಿದ ಕೂಡಲೇ ಗಾಡಿ ಸ್ಟಾರ್ಟ್ ಮಾಡಬೇಡಿ. ಅರ್ಧ ಗಂಟೆ ಕೂತು ಉಳಿದ ಚಿತ್ರಾನ್ನ ಮುಗಿಸಿ, ಅಷ್ಟರಲ್ಲಿ ದಾರಿ ಖಾಲಿಯಾಗಿರುತ್ತದೆ.